ಗುರಿ ತಪ್ಪುವ ಏರ್‌ಗನ್ನು, ನಮ್ಮ ಡಿಪೋದ ಹೊಸ ಬೇಡಿಕೆ



ಕಳೆದ ಮಹಾಸಭೆಯ ಕೊನೆಯಲ್ಲಿ, ಊಟಕ್ಕೆ ಏಳುವ ಹೊತ್ತಿಗೆ, ಮೂರ್ನಾಲ್ಕು ಮಂದಿ ಸದಸ್ಯರು ಒಂದು ಸೂಚನೆ ಕೊಟ್ಟರು. ಮೈಲುತುತ್ತ, ಸುಣ್ಣ, ಗೊಬ್ಬರ, ಕತ್ತಿಗಳ ಜೊತೆಗೆ ನಮ್ಮ ಡಿಪೋದಲ್ಲಿ ಹೊಸ ಮಾದರಿಯ, ಹೆಚ್ಚು ಶಕ್ತಿಯ ಏರ್‌ಗನ್ನುಗಳನ್ನೂ ತರಿಸಿ ಸದಸ್ಯರಿಗೆ ಕಂತಿನ ಮೇಲೆ ಕೊಡಬೇಕು ಎಂಬುದು ಆ ಸೂಚನೆ. ಅವರು ಹೇಳಿದ ಕಾರಣ ಒಂದೇ: ಮನೆಯಲ್ಲಿರುವ ಹಳೆಯ ಏರ್‌ಗನ್ನಿಗೆ ಗುರಿ ನಿಲ್ಲುವುದಿಲ್ಲ, ಅದರ ಕಾಲ ಮುಗಿಯಿತು. ಒಬ್ಬರು ಮೊಬೈಲಿನಲ್ಲಿ ಹೊಸ ಏರ್‌ಗನ್ನಿನ ಚಿತ್ರವನ್ನೂ ತೋರಿಸಿದರು. ಸಮಯವಿಲ್ಲದ ಕಾರಣ ಆಡಳಿತ ಮಂಡಳಿಯ ಮುಂದಿನ ಸಭೆಯಲ್ಲಿ ಪರಿಶೀಲಿಸುವುದಾಗಿ ಅಧ್ಯಕ್ಷರು ಹೇಳಿ ಸಭೆ ಮುಗಿಸಿದರು. ಕಾರ್ಯದರ್ಶಿಯಾಗಿ ನಾನು ಆಗ ಏನೂ ಹೇಳಲಿಲ್ಲ. ಈಗ ಒಬ್ಬ ಬೆಳೆಗಾರನಾಗಿ ನನ್ನ ಸ್ವಂತ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ಮಂಡಳಿಯ ಅಭಿಪ್ರಾಯವಲ್ಲ.

ನನ್ನ ಅಭಿಪ್ರಾಯ ಇಷ್ಟೆ: ಹೊಸದನ್ನು ತರಿಸುವುದು ಬೇಡ. ಹಳೆಯದು ಕೆಟ್ಟಿರುವುದು ಶಕ್ತಿ ಸಾಲದೆ ಅಲ್ಲ, ನಾವು ಅದನ್ನು ನೋಡಿಕೊಳ್ಳದೆ. ಇದನ್ನು ನಾನು ಬಲ್ಲೆ, ಯಾಕೆಂದರೆ ನಮ್ಮ ಮನೆಯದನ್ನು ಕೆಡಿಸಿದವನು ನಾನೇ.

ನಮ್ಮ ತಂದೆಯವರಿಗೆ ಊರು ಬಿಟ್ಟು ಹೋಗುತ್ತಿದ್ದ ತೋಟದ ದೊರೆಯೊಬ್ಬರು ಮಾರಿದ ಏರ್‌ಗನ್ನು ಅದು. ಜರ್ಮನಿಯ ರಾಸ್ಟಾಟ್‌ನಲ್ಲಿ ತಯಾರಾದ ಡಯಾನಾ ೨೭. ನಳಿಗೆಯನ್ನು ಮಧ್ಯಕ್ಕೆ ಮಡಿಸಿ ಸ್ಪ್ರಿಂಗ್ ಏರಿಸುವ ಮಾದರಿ. ಅದರ ಮೇಲಿನ ಮುದ್ರೆಯಲ್ಲಿ ಬೇಟೆಯ ದೇವತೆ ಬಿಲ್ಲುಬಾಣ ಬಿಸಾಡಿ ಕೋವಿಯನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದಾಳೆ. ಚಿಕ್ಕಂದಿನಲ್ಲಿ ನನಗೆ ಕೋವಿಗಿಂತ ಆ ಮುದ್ರೆಯೇ ಇಷ್ಟ. ತಂದೆಯವರ ಕಾಲದಲ್ಲಿ ಹತ್ತು ಗಜದಲ್ಲಿ ಬೆಂಕಿಪೆಟ್ಟಿಗೆ ಇಟ್ಟರೆ ತಪ್ಪುತ್ತಿರಲಿಲ್ಲ. ನಾನು ಬಿ.ಎಸ್ಸಿ. ಮುಗಿಸಿ ತೋಟಕ್ಕೆ ಬಂದು, ಅದು ನನ್ನ ಕೈಗೆ ಬಂದ ಮೇಲೆ, ಪ್ರತಿ ಮಳೆಗಾಲಕ್ಕೂ ಅದರ ಗುರಿ ಕೆಡುತ್ತಾ ಹೋಯಿತು. ಕೊನೆಗೆ ಅದೇ ಹತ್ತು ಗಜಕ್ಕೆ ಐದು ಪೆಲೆಟ್ ಹೊಡೆದರೆ ನಾಲ್ಕು ಅಂಗುಲ ಚದುರುತ್ತಿತ್ತು. ಹತ್ತು ಗಜಕ್ಕೆ ನಾಲ್ಕು ಅಂಗುಲ ಎಂದರೆ ಮೂವತ್ತು ಗಜಕ್ಕೆ ಹನ್ನೆರಡು ಅಂಗುಲ, ಅದಕ್ಕೂ ಹೆಚ್ಚು. ಅಡಿಕೆ ಮರದ ತುದಿಗೆ ಅಷ್ಟೇ ದೂರ.

ಆಗ ನಡೆದದ್ದನ್ನು ಹೇಳಲೇಬೇಕು. ಸುಗ್ಗಿಯ ದಿನ, ಅಂಗಳದ ಚಪ್ಪರದಲ್ಲಿ ಹೆಂಗಸರು ಅಡಿಕೆ ಸುಲಿಯುತ್ತಿದ್ದರು. ನಾನು ಅಂಗಳದ ಇನ್ನೊಂದು ತುದಿಯಲ್ಲಿ ಬೇಲಿಯ ಕಲ್ಲುಕಂಬದ ಮೇಲೆ ಹಾಲಿನ ಪುಡಿಯ ಡಬ್ಬಿ ಇಟ್ಟು ಹೊಡೆಯುತ್ತಿದ್ದೆ. ಹೊಡೆಯುವ ದಿಕ್ಕು ಅವರ ಕಡೆಗಲ್ಲ, ಅಷ್ಟು ಬುದ್ಧಿ ಇತ್ತು. ಪೆಲೆಟ್ ಡಬ್ಬಿಯಿಂದ ಒಂದು ಗೇಣು ಕೆಳಗೆ ಕಲ್ಲಿಗೆ ಬಡಿದು, ಓರೆಯಾಗಿ ಸಿಡಿದು, ಚಪ್ಪರದ ಹಿಂದಿನ ತಗಡಿಗೆ 'ಟಣ್' ಎಂದಿತು. ತಗಡಿಗೆ ಒರಗಿ ಕುಳಿತಿದ್ದವಳ ಕಿವಿಯಿಂದ ಅದು ಒಂದು ಮೊಳ ದೂರವೂ ಇರಲಿಲ್ಲ. ಅವಳು ಕತ್ತಿ ಬಿಟ್ಟು ಎದ್ದು ನಿಂತು, "ಅಯ್ಯಾ, ನೀವು ಡಬ್ಬಿಗೆ ಹೊಡ್ದಿದ್ದೋ ನಂಗೆ ಹೊಡ್ದಿದ್ದೋ?" ಎಂದಳು. ಉಳಿದವರು ನಕ್ಕರು. ಅವಳು ನಗಲಿಲ್ಲ. ನಾನು ಏರ್‌ಗನ್ನನ್ನು ಅಟ್ಟಕ್ಕೆ ಹಾಕಿದೆ. ಅದು ಅಲ್ಲಿಯೇ ಎರಡು ವರ್ಷ ಇತ್ತು.

ಅಟ್ಟದಿಂದ ಅದನ್ನು ಇಳಿಸಿದ್ದು ಪಲ್ಪರ್ ರಿಪೇರಿಗೆ ಬಂದ ಮೇಸ್ತ್ರಿ. ಅವರು ಅದನ್ನು ಒಮ್ಮೆ ಮಡಿಸಿ, ಬಾಯಿಗೆ ಮೂಗು ಇಟ್ಟು ಮೂಸಿ ನೋಡಿ, "ಸ್ವಾಮಿ, ಇದಕ್ಕೆ ಕೊಬ್ಬರಿ ಎಣ್ಣೆ ಯಾರು ಬಿಟ್ಟದ್ದು?" ಎಂದರು. ನಾನೇ. ಪ್ರತಿ ಆಯುಧಪೂಜೆಗೂ ಧಾರಾಳವಾಗಿ ಬಿಡುತ್ತಿದ್ದೆ. "ಇದು ಕೋವಿಯಲ್ಲ ಸ್ವಾಮಿ, ಔಷಧಿ ಹೊಡೆಯುವ ಕೈಪಂಪು. ಪಂಪು ಅಂತ ತಿಳ್ಕೊಂಡು ನೋಡಿ, ಎಲ್ಲ ಗೊತ್ತಾಗ್ತದೆ" ಎಂದರು. ಭೌತಶಾಸ್ತ್ರ ಓದಿದವನಿಗೆ ಇದನ್ನು ಬೇರೆಯವರು ಹೇಳಬೇಕಾಯಿತು.

ಅವರ ಮಾತು ಅಕ್ಷರಶಃ ನಿಜ. ಇದರಲ್ಲಿ ಮದ್ದಿಲ್ಲ. ಒಂದು ಸಿಲಿಂಡರು, ಅದರೊಳಗೆ ಪಿಸ್ಟನ್ನು, ಪಿಸ್ಟನ್ನಿನ ತಲೆಗೆ ಚರ್ಮದ ವಾಷರು, ಹಿಂದೆ ದಪ್ಪ ಸ್ಪ್ರಿಂಗು. ಬೋರ್ಡೋ ಹೊಡೆಯುವ ಪಂಪಿನಲ್ಲಿರುವ ಬಟ್ಟಲಿನಾಕಾರದ ಚರ್ಮದ ವಾಷರಿನ ತಮ್ಮನೇ ಇದು. ಕುದುರೆ ಒತ್ತಿದಾಗ ಸ್ಪ್ರಿಂಗು ಪಿಸ್ಟನ್ನನ್ನು ಮುಂದೆ ನೂಕುತ್ತದೆ, ಸಿಲಿಂಡರಿನ ಗಾಳಿ ಹಿಂಡಿಕೊಂಡು ಸಣ್ಣ ತೂತಿನ ಮೂಲಕ ನಳಿಗೆಗೆ ನುಗ್ಗಿ ಪೆಲೆಟ್ಟನ್ನು ತಳ್ಳುತ್ತದೆ. ಪಂಪಿನ ವಾಷರು ಒಣಗಿದರೆ ಔಷಧಿ ಮರದ ತುದಿ ಮುಟ್ಟದು. ಇಲ್ಲಿಯೂ ಹಾಗೆಯೇ, ಒಂದು ಸಲ ಒಂದು ವೇಗ, ಇನ್ನೊಂದು ಸಲ ಇನ್ನೊಂದು. ವೇಗ ಒಂದೇ ಸಮ ಇಲ್ಲದಿದ್ದರೆ ಗುರಿಯೂ ಒಂದೇ ಸಮ ಇರದು.

ಎಣ್ಣೆಯ ವಿಷಯ. ಹಿಂಡಿದ ಗಾಳಿ ಬಿಸಿಯಾಗುತ್ತದೆ, ಡೀಸೆಲ್ ಎಂಜಿನ್ನಿನಲ್ಲಿ ಆಗುವಂತೆ. ಸಿಲಿಂಡರಿನಲ್ಲಿ ಎಣ್ಣೆ ಹೆಚ್ಚಿದ್ದರೆ ಅದು ಹತ್ತಿಕೊಳ್ಳುತ್ತದೆ. ನಳಿಗೆಯಿಂದ ಹೊಗೆ, ಸುಟ್ಟ ವಾಸನೆ, ಪಟಾಕಿಯಂಥ ಸದ್ದು ಬಂದರೆ ನಮ್ಮ ಹುಡುಗರು 'ಪವರ್ ಜಾಸ್ತಿಯಾಯಿತು' ಎಂದು ಕುಣಿಯುತ್ತಾರೆ. ಅದು ವಾಷರನ್ನು ಸುಡುತ್ತದೆ, ಸ್ಪ್ರಿಂಗನ್ನು ಮುರಿಯುತ್ತದೆ, ಪೆಲೆಟ್ಟನ್ನು ಒಂದೊಂದು ಸಲ ಒಂದೊಂದು ವೇಗದಲ್ಲಿ ಅಟ್ಟುತ್ತದೆ. ಕೊಬ್ಬರಿ ಎಣ್ಣೆಯಂತೂ ನಮ್ಮ ಚಳಿಗಾಲದ ಬೆಳಗ್ಗೆ ಹೆಪ್ಪುಗಟ್ಟುತ್ತದೆ, ಬೇಸಿಗೆಯಲ್ಲಿ ಕಮಟಾಗಿ ಅಂಟಾಗುತ್ತದೆ. ಚರ್ಮದ ವಾಷರಿಗೆ ಆಗೊಮ್ಮೆ ಈಗೊಮ್ಮೆ ಒಂದೆರಡು ತೊಟ್ಟು ತಕ್ಕ ಎಣ್ಣೆ ಸಾಕು. ಎಣ್ಣೆ ಬಿಟ್ಟ ಮೇಲೆ ನಳಿಗೆ ಮೇಲಾಗಿ ಒಂದು ರಾತ್ರಿ ನಿಲ್ಲಿಸಿದರೆ ಅದು ವಾಷರಿಗೆ ಇಳಿಯುತ್ತದೆ. ಹೊಸ ಮಾದರಿಗಳಲ್ಲಿ ಪ್ಲಾಸ್ಟಿಕ್ ಜಾತಿಯ ವಾಷರು ಇರುತ್ತದೆ, ಅದಕ್ಕೆ ಅದೂ ಬೇಡ.

ಮೇಸ್ತ್ರಿ ಮೊದಲು ಸಿಲಿಂಡರು ಬಿಚ್ಚಲಿಲ್ಲ ಎಂಬುದನ್ನು ಗಮನಿಸಿ. ಮೊದಲು ಸ್ಕ್ರೂ ನೋಡಿದರು. ಮರದ ಹಿಡಿಯನ್ನು ಕಬ್ಬಿಣಕ್ಕೆ ಬಿಗಿಯುವ ಸ್ಕ್ರೂಗಳು, ಮುಂದೆ ಎಡಬಲಕ್ಕೆ ಮತ್ತು ಕುದುರೆಯ ಕಾಪಿನ ಹತ್ತಿರ ಇರುತ್ತವೆ. ಮಲೆನಾಡಿನ ನಾಲ್ಕು ತಿಂಗಳ ಮಳೆಯಲ್ಲಿ ಮರ ಊದಿಕೊಳ್ಳುತ್ತದೆ, ಮಾರ್ಚಿ ಏಪ್ರಿಲಿನಲ್ಲಿ ಬತ್ತುತ್ತದೆ. ಮನೆಯ ಬಾಗಿಲು ಮಳೆಗಾಲದಲ್ಲಿ ಸಿಕ್ಕಿಹಾಕಿಕೊಂಡು ಬೇಸಿಗೆಯಲ್ಲಿ ಸಡಿಲವಾಗುವುದನ್ನು ನಾವೆಲ್ಲ ನೋಡಿಲ್ಲವೇ? ಅದೇ ಮರ ಇದು. ಅದರ ಮೇಲೆ ಪ್ರತಿ ಹೊಡೆತದ ಅದುರು. ನನ್ನದರಲ್ಲಿ ಒಂದು ಸ್ಕ್ರೂ ಸುತ್ತು ಸುತ್ತು ಬರುತ್ತಿತ್ತು, ಇನ್ನೊಂದು ಇರಲೇ ಇಲ್ಲ! ಸ್ಪ್ರಿಂಗ್ ವಾಷರು ಹಾಕಿ ಬಿಗಿ ಮಾಡಿದ್ದರಿಂದಲೇ ನಾಲ್ಕು ಅಂಗುಲ ಎರಡೂವರೆಗೆ ಇಳಿಯಿತು. ಒಂದು ಕಾಸಿನ ಖರ್ಚಿಲ್ಲ. ಹಿಂದಿನ ಸೈಟು ಅಲ್ಲಾಡುತ್ತದೆಯೇ, ನಳಿಗೆ ಮುಚ್ಚಿದ ಮೇಲೆ ಎಡಬಲಕ್ಕೆ ಆಡುತ್ತದೆಯೇ ಎಂಬುದನ್ನೂ ಇದೇ ಸರದಿಯಲ್ಲಿ ಕೈಯಲ್ಲಿ ಹಿಡಿದು ನೋಡಬೇಕು. ಕೀಲಿನ ಬೋಲ್ಟು ಬಿಗಿ ಮಾಡಿದರೆ ಬಹುಪಾಲು ಆಟ ನಿಲ್ಲುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು, ಮಾಡಿದ ಮೇಲೆ ಹತ್ತು ಗಜದಲ್ಲಿ ಅಂಚೆ ಕಾರ್ಡಿಗೆ ಐದು ಹೊಡೆದು ನೋಡಬೇಕು ಎಂದು ಮೇಸ್ತ್ರಿ ಹಟ ಹಿಡಿದರು. ನಾನು ಎಲ್ಲವನ್ನೂ ಒಟ್ಟಿಗೆ ಮಾಡಿ ಮುಗಿಸೋಣ ಎಂದೆ. ಕೊಳೆರೋಗ ಬಂದ ತೋಟಕ್ಕೆ ನಾಲ್ಕು ಔಷಧಿ ಒಟ್ಟಿಗೆ ಬೆರೆಸಿ ಹೊಡೆದು, ಯಾವುದು ಹಿಡಿಯಿತು ಯಾವುದು ಸುಟ್ಟಿತು ಎಂದು ತಿಳಿಯದೆ ಕೂರುವ ಸದಸ್ಯರಿಗೆ ನಾನು ಆಫೀಸಿನಲ್ಲಿ ಕುಳಿತು ಎಷ್ಟು ಸಲ ಬುದ್ಧಿ ಹೇಳಿಲ್ಲ!

ನಂತರ ಕೀಲಿನ ಹತ್ತಿರದ ಸಣ್ಣ ವಾಷರು. ನಳಿಗೆ ಮುಚ್ಚಿದಾಗ ಸಿಲಿಂಡರಿಗೆ ತಾಗುವ ಕಡೆ ಚರ್ಮದ ಅಥವಾ ರಬ್ಬರಿನ ಒಂದು ಬಳೆ ಇರುತ್ತದೆ. ಅದು ಚಪ್ಪಟೆಯಾದರೆ ಗಾಳಿ ಅಲ್ಲಿಯೇ ಸೋರುತ್ತದೆ. ಪರೀಕ್ಷೆ ಸುಲಭ: ಸಂದಿನ ಮೇಲೆ ತೆಳ್ಳಗಿನ ಕಾಗದದ ಚೂರು ಇಟ್ಟು ಧರೆಯ ಕಡೆಗೆ ಒಂದು ಪೆಲೆಟ್ ಹೊಡೆಯಿರಿ. ಕಾಗದ ಹಾರಿದರೆ ಸೋರಿಕೆ ಇದೆ. ಹಳೆಯ ಚರ್ಮದಲ್ಲಿ ಒಂದು ಬಳೆ ಕತ್ತರಿಸಿ ಹಾಕಿದರಾಯಿತು. ಪೆಲೆಟ್ ಇಲ್ಲದೆ ಮಾತ್ರ ಹೊಡೆಯಬೇಡಿ. ಮುಂದೆ ಪೆಲೆಟ್ಟಿನ ತಡೆ ಇಲ್ಲದಿದ್ದರೆ ಪಿಸ್ಟನ್ನನ್ನು ತಡೆಯುವ ಗಾಳಿಯ ದಿಂಬೂ ಇರದು, ಅದು ಹೋಗಿ ಸಿಲಿಂಡರಿನ ಕೊನೆಗೆ ಬಡಿಯುತ್ತದೆ. ಸ್ಪ್ರಿಂಗ್ ಏರಿಸಿ ರಾತ್ರಿಯೆಲ್ಲ ಬಾಗಿಲ ಮೂಲೆಯಲ್ಲಿ ಇಡುವ ಅಭ್ಯಾಸವೂ ಇದೆ, ಮಂಗ ಬಂದ ಕೂಡಲೇ ಬೇಕಲ್ಲ ಎಂದು. ಸ್ಪ್ರಿಂಗು ಸೋಲುವುದು ಹೀಗೆ. ಮಕ್ಕಳಿರುವ ಮನೆಯಲ್ಲಿ ಅದನ್ನು ಏನೆಂದು ಕರೆಯಬೇಕೋ ತಿಳಿಯದು.

ನಳಿಗೆಯ ಒಳಗೆ ಸೀಸ ಹಿಡಿದಿರುತ್ತದೆ, ತುಕ್ಕೂ ಇರಬಹುದು. ಕೊಡೆಯ ಕಡ್ಡಿ ತುರುಕಿ ಉಜ್ಜಬೇಡಿ, ಒಳಗಿನ ಸುರುಳಿ ಗೀರುಗಳು ಹಾಳಾಗುತ್ತವೆ. ಮೀನು ಹಿಡಿಯುವ ನೈಲಾನ್ ದಾರಕ್ಕೆ ಹತ್ತಿ ಬಟ್ಟೆಯ ಚೂರು ಕಟ್ಟಿ ಹಿಂದಿನಿಂದ ಬಾಯಿಯ ಕಡೆಗೆ ಎಳೆಯಿರಿ. ಹೀಗೆ ಶುದ್ಧ ಮಾಡಿದ ಮೇಲಿನ ಹತ್ತಿಪ್ಪತ್ತು ಪೆಲೆಟ್ ಅತ್ತಿತ್ತ ಹೋದರೆ ಗಾಬರಿ ಬೇಡ, ಆಮೇಲೆ ನಿಲ್ಲುತ್ತದೆ. ನಳಿಗೆಯ ಬಾಯಿಯ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಬಾಯಿ ಕೆಳಗಾಗಿ ಸಿಮೆಂಟು ನೆಲಕ್ಕೆ ಊರಿ ನಿಲ್ಲಿಸಿದ ಏರ್‌ಗನ್ನಿನ ಅಂಚು ಜಜ್ಜಿರುತ್ತದೆ. ಪೆಲೆಟ್ ಹೊರಬೀಳುವ ಕೊನೆಯ ಕ್ಷಣದಲ್ಲಿ ಗಾಳಿ ಒಂದು ಪಕ್ಕಕ್ಕೆ ಮುಂಚೆ ನುಗ್ಗಿದರೆ ಅದು ಓರೆಯಾಗುತ್ತದೆ.

ಹಿಂದಿನ ಸೈಟನ್ನು ತೀರಾ ಕೆಳಗಿಳಿಸಿದರೂ ಪೆಲೆಟ್ ಮೇಲೆಯೇ ಹೋಗುತ್ತಿದ್ದರೆ ನಳಿಗೆ ಬಾಗಿದೆ ಎಂದೇ ತಿಳಿಯಿರಿ. ಯಾರೋ ನಳಿಗೆ ಮಡಿಸಿರುವಾಗಲೇ ಕುದುರೆ ಒತ್ತಿದ್ದಾರೆ, ಅದು ರಪ್ಪನೆ ಮುಚ್ಚಿಕೊಂಡು ಮೇಲಕ್ಕೆ ಬಗ್ಗಿದೆ. ಆಗ ಬೆರಳು ಒಳಗಿದ್ದರೆ ಬೆರಳೂ ಹೋಗುತ್ತದೆ. ಪೆಲೆಟ್ ಹಾಕುವಾಗ ಇನ್ನೊಂದು ಕೈಯಲ್ಲಿ ನಳಿಗೆಯನ್ನು ಬಲವಾಗಿ ಹಿಡಿದೇ ಇರಬೇಕು. ಬಾಗಿದ ನಳಿಗೆಯನ್ನು ಮನೆಯಲ್ಲಿ ನೆಟ್ಟಗೆ ಮಾಡಲು ಹೋಗಬೇಡಿ. ಹಾಗೆಯೇ ಸಿಲಿಂಡರಿನ ಹಿಂಭಾಗ ಬಿಚ್ಚುವ ಸಾಹಸವೂ ಬೇಡ. ಒಳಗಿನ ಸ್ಪ್ರಿಂಗು ಏರಿಸದಿದ್ದಾಗಲೂ ಒತ್ತಡದಲ್ಲಿರುತ್ತದೆ. ಕ್ಲಾಂಪು ಇಲ್ಲದೆ ಪಿನ್ನು ತೆಗೆದರೆ ಎದೆಗೆ ಬರುತ್ತದೆ.

ಪೆಲೆಟ್ಟಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನಾವು ತೋಟಕ್ಕೆ ಬೀಜ ಆಯುವಾಗ ಪೊಳ್ಳು, ಜಜ್ಜಿದ್ದು, ಸಣ್ಣದು ಎಲ್ಲವನ್ನೂ ಬೇರೆ ಮಾಡುತ್ತೇವೆ. ಪೆಲೆಟ್ಟನ್ನು ಮಾತ್ರ ಅಂಗಿಯ ಜೇಬಿನಲ್ಲಿ ಚಿಲ್ಲರೆಯ ಜೊತೆ ಹಾಕಿಕೊಂಡು ತಿರುಗುತ್ತೇವೆ. ಅದು ಅರ್ಧ ಗ್ರಾಂ ತೂಕದ ಮೆತ್ತಗಿನ ಸೀಸ. ಅದರ ಹಿಂದಿನ ಲಂಗದಂಥ ಅಂಚು ಗಾಳಿಗೆ ಅರಳಿ ನಳಿಗೆಗೆ ಅಂಟಬೇಕು. ಅದೇ ಜಜ್ಜಿದರೆ ಗಾಳಿ ಸೋರುತ್ತದೆ. ಬಿಳಿಯ ಪುಡಿ ಹಿಡಿದ ಹಳೆಯ ಡಬ್ಬಿ ಬಿಸಾಡಿ. ಎರಡು ಮೂರು ಬಗೆಯ ಪೆಲೆಟ್ ತಂದು ಕಾರ್ಡಿಗೆ ಹೊಡೆದು, ನಿಮ್ಮ ನಳಿಗೆಗೆ ಯಾವುದು ಒಪ್ಪುತ್ತದೆಯೋ ಅದನ್ನೇ ಇಟ್ಟುಕೊಳ್ಳಿ. ಚೂಪು ಮೂತಿಯದು ನೋಡಲು ಚೆಂದ, ಆದರೆ ನನ್ನದಕ್ಕೆ ದುಂಡು ಮೂತಿಯದೇ ಒಪ್ಪಿತು. ಮುಟ್ಟಿದ ಮೇಲೆ ಕೈ ತೊಳೆಯದೆ ಊಟಕ್ಕೆ ಕೂರಬೇಡಿ, ಸೀಸ ವಿಷ.

ಇಷ್ಟೆಲ್ಲ ಆದ ಮೇಲೂ ಒಂದೂವರೆ ಅಂಗುಲ ಉಳಿಯಿತು. ಅದು ಏರ್‌ಗನ್ನಿನದಲ್ಲ, ನನ್ನ ಕೈಯದು. ತೋಟೆ ಕೋವಿ ಹಿಡಿದು ಅಭ್ಯಾಸವಿರುವ ನಮ್ಮಂಥವರು ಎಲ್ಲ ಕೋವಿಯನ್ನೂ ಹೆಗಲಿಗೆ ಬಲವಾಗಿ ಒತ್ತಿ, ಮುಂಗೈಯಲ್ಲಿ ಅದುಮಿ ಹಿಡಿಯುತ್ತೇವೆ. ಏರ್‌ಗನ್ನಿನಲ್ಲಿ ಇದು ನಡೆಯದು. ಇದರಲ್ಲಿ ಪಿಸ್ಟನ್ನು ಮುಂದಕ್ಕೆ ಓಡುವಾಗ ಕೋವಿ ಹಿಂದಕ್ಕೆ ಸರಿಯುತ್ತದೆ, ಪಿಸ್ಟನ್ನು ಗಾಳಿಗೆ ಬಡಿದು ನಿಂತಾಗ ಮುಂದಕ್ಕೆ ಎಗರುತ್ತದೆ. ಪೆಲೆಟ್ ಇನ್ನೂ ನಳಿಗೆಯಲ್ಲಿರುವಾಗಲೇ ಈ ಕುಲುಕಾಟ ಶುರುವಾಗಿರುತ್ತದೆ. ಒಂದು ಸಲ ಬಿಗಿಯಾಗಿ, ಇನ್ನೊಂದು ಸಲ ಸಡಿಲವಾಗಿ ಹಿಡಿದರೆ ಕುಲುಕಾಟವೂ ಬೇರೆ ಬೇರೆ. ಅಂಗೈ ಬಿಚ್ಚಿ, ಅದರ ಮೇಲೆ ಹಿಡಿಯನ್ನು ಸುಮ್ಮನೆ ಕೂರಿಸಿ, ಪ್ರತಿ ಸಲವೂ ಅದೇ ಜಾಗದಲ್ಲಿ, ಎಳೆ ಮಗುವಿನ ತಲೆ ಹಿಡಿದ ಹಾಗೆ ಹಿಡಿಯಬೇಕು. ಗೋಡೆಗೆ, ಕಟ್ಟೆಗೆ ನಳಿಗೆ ಆನಿಸಿ ಹೊಡೆದರೆ ಇನ್ನೂ ಕೆಡುತ್ತದೆ. ಈ ಕುಲುಕಾಟ ಎಷ್ಟು ದೊಡ್ಡ ತೊಂದರೆಯೆಂದರೆ, ಇದೇ ಡಯಾನಾ ಕಂಪೆನಿಯವರು ಪಂದ್ಯದ ಬಂದೂಕುಗಳಿಗಾಗಿ ಎರಡು ಪಿಸ್ಟನ್ನು ಎದುರುಬದುರಾಗಿ ಓಡುವ ಏರ್ಪಾಡನ್ನೇ ಮಾಡಿದ್ದರು, ಒಂದರ ಒದೆತವನ್ನು ಇನ್ನೊಂದು ಕಳೆಯಲೆಂದು. ೨೦೦೮ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಅವರು ಚಿನ್ನ ಗೆದ್ದ ಏರ್‌ರೈಫಲಿನಲ್ಲಿ ಸ್ಪ್ರಿಂಗಿನ ಪಿಸ್ಟನ್ನೇ ಇಲ್ಲ, ಮೊದಲೇ ತುಂಬಿಟ್ಟ ಗಾಳಿ.

ಹೀಗೆ ಹಿಡಿಯಲು ಕಲಿತ ಮೇಲೆ ಹತ್ತು ಗಜದಲ್ಲಿ ಐದೂ ಪೆಲೆಟ್ ಒಂದು ರೂಪಾಯಿ ನಾಣ್ಯದಡಿ ಮುಚ್ಚುವಂತಾಯಿತು. ಅದೇ ಹಳೆಯ ಸ್ಪ್ರಿಂಗಿನಲ್ಲಿ.

ಈಗ ಹೊಸದರ ಬೇಡಿಕೆಗೆ ಬರುತ್ತೇನೆ. ಅರ್ಧ ಗ್ರಾಮಿನ ಪೆಲೆಟ್ ಸೆಕೆಂಡಿಗೆ ೧೮೦ ಮೀಟರ್ ಹೋದರೆ ಅದರ ಶಕ್ತಿ ಸುಮಾರು ೮ ಜೌಲ್. ೨೦೧೬ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸಿಲ್ಲದೆ ಇಟ್ಟುಕೊಳ್ಳಬಹುದಾದ ಏರ್‌ಗನ್ನಿನ ಮಿತಿ ೨೦ ಜೌಲ್, ನಳಿಗೆ ೪.೫ ಮಿಲಿಮೀಟರ್. ಆ ೨೦ ಜೌಲಿಗೆ ಅದೇ ಪೆಲೆಟ್ ಸುಮಾರು ೨೮೦ ಮೀಟರ್ ವೇಗದಲ್ಲಿ ಹೋಗಬೇಕು. ಅಷ್ಟು ಬಲದ ಸ್ಪ್ರಿಂಗಿನ ಕುಲುಕಾಟವೂ ಅಷ್ಟೇ ದೊಡ್ಡದು. ೮ ಜೌಲಿನದನ್ನೇ ನಿಲ್ಲಿಸಲಾರದ ಕೈಗೆ ಅದನ್ನು ಕೊಟ್ಟರೆ ಗುರಿ ತಪ್ಪುವುದು ನಿಲ್ಲುವುದಿಲ್ಲ, ತಪ್ಪಿದ ಪೆಲೆಟ್ ಇನ್ನೂ ದೂರ ಹೋಗುತ್ತದೆ, ಅಷ್ಟೆ. ನಮ್ಮ ತೋಟಗಳಲ್ಲಿ ಒಂದು ಸಾಲು ಕಾಫಿ ಗಿಡದ ಆಚೆ ಯಾರಿದ್ದಾರೆಂದು ಕಾಣುವುದಿಲ್ಲ. ನನ್ನ ಅಂಗಳದಲ್ಲಿ ಅಂದು ತಗಡಿಗೆ ಬಡಿದದ್ದು ಹಳೆಯ, ಸೋರುವ ಏರ್‌ಗನ್ನಿನ ಪೆಲೆಟ್ಟು ಎಂಬುದು ನನ್ನ ಪುಣ್ಯ.

ಮಂಗನ ವಿಷಯವನ್ನು ಬಿಟ್ಟು ಬರೆದರೆ ಅಪ್ರಾಮಾಣಿಕತೆಯಾಗುತ್ತದೆ. ಏರ್‌ಗನ್ನು ಕೇಳಿದವರು ಡಬ್ಬಿಗೆ ಹೊಡೆಯಲು ಕೇಳಿದ್ದಲ್ಲ. ಎಳೆ ಅಡಿಕೆಯನ್ನು ಹೀರಿ ಬಿಸಾಡುವುದು, ಏಲಕ್ಕಿಯ ಸುಳಿ ಕೀಳುವುದು, ಬಾಳೆ ಒಂದೂ ಉಳಿಯದಿರುವುದು ನನ್ನ ತೋಟದಲ್ಲಿಯೂ ಇದೆ. ನಷ್ಟ ನಿಜ, ಸಿಟ್ಟು ನ್ಯಾಯವೇ. ಆದರೆ ಮಂಗವೂ ಕೆಂದಳಿಲೂ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪಟ್ಟಿಯಲ್ಲಿವೆ. ಪೆಲೆಟ್ ಮಂಗವನ್ನು ಓಡಿಸುವ ಸಾಧನವೂ ಅಲ್ಲ, ಕೊಲ್ಲುವ ಸಾಧನವೂ ಅಲ್ಲ. ಹೊಟ್ಟೆಗೋ ಕಣ್ಣಿಗೋ ಹೊಕ್ಕ ಸೀಸ ಹೊತ್ತುಕೊಂಡು ಅದು ಹಳ್ಳದ ಬದಿಯಲ್ಲಿ ನಾಲ್ಕು ದಿನ ನರಳಿ ಸಾಯುತ್ತದೆ. ೧೯೫೭ರಲ್ಲಿ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ನಮ್ಮ ಸೀಮೆಯಲ್ಲಿ ಇನ್ನೂ ಜನರನ್ನು ಕೊಲ್ಲುತ್ತಿದೆ. ಸತ್ತ ಮಂಗ ಕಂಡರೆ ತಿಳಿಸಿ ಎಂದು ಆರೋಗ್ಯ ಇಲಾಖೆಯವರು ಕೇಳುವುದು ಕಾಯಿಲೆಯ ಸುಳಿವು ಅಲ್ಲಿಂದ ಸಿಗುತ್ತದೆ ಎಂದು. ಹೊಡೆದು ಸಾಯಿಸಿದವರು ಹೇಳಿಯಾರೇ? ಸತ್ತ ಮೈಯಿಂದ ಉಣುಗುಗಳು ಇಳಿದು ನಮ್ಮ ಸೊಪ್ಪಿನ ಬೆಟ್ಟದಲ್ಲಿಯೇ ಹರಡುತ್ತವೆ. ಸೊಪ್ಪು ತರಲು ಹೋಗುವವರು ಯಾರು ಎಂಬುದು ನಮಗೆಲ್ಲ ಗೊತ್ತಿದೆ.

ಹಾಗಾದರೆ ಹಳೆಯ ಏರ್‌ಗನ್ನನ್ನು ಸರಿ ಮಾಡಿಸಿ ಏನು ಪ್ರಯೋಜನ ಎಂದು ಕೇಳಬಹುದು. ಕೊಡಗಿನ ನೆಂಟರ ಮನೆಗೆ ಕೈಲ್‌ಪೊಳ್ದ್ ಹಬ್ಬಕ್ಕೆ ಹೋದವರು ನೋಡಿರುತ್ತೀರಿ. ಕೋವಿಗೆ ತೋಕ್‌ಪೂ ಇಟ್ಟು ಪೂಜೆ ಮಾಡಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಇಡುತ್ತಾರೆ. ಏರ್‌ಗನ್ನಿಗೆ ಮೊಟ್ಟೆ ಇಡುವುದೂ ಉಂಟು. ಸೊಸೆಯಂದಿರು, ಅಜ್ಜಂದಿರು, ಹೈಸ್ಕೂಲು ಹುಡುಗಿಯರು ಸಾಲಾಗಿ ನಿಂತು ಹೊಡೆಯುತ್ತಾರೆ. ನನ್ನ ಮಗಳು ಮನೆಯ ಹಿಂದಿನ ಮಣ್ಣಿನ ಧರೆಗೆ ಕಾರ್ಡು ಸಿಕ್ಕಿಸಿ ಭಾನುವಾರ ಹೊಡೆಯುತ್ತಾಳೆ. ಈಗ ನನಗಿಂತ ಚೆನ್ನಾಗಿ. ಹಿಂದೆ ಮಣ್ಣು ಇರಬೇಕು, ಕಲ್ಲು, ತಗಡು, ಮರದ ಬೊಡ್ಡೆ ಇರಬಾರದು ಎಂಬುದನ್ನು ಅವಳಿಗೆ ಯಾಕೆ ಹೇಳಿದೆ ಎಂದು ಅವಳಿಗೆ ಗೊತ್ತು.

ಮಂಡಳಿಯ ಮುಂದೆ ನಾನು ಇಡುವ ಸಲಹೆ ಇದು: ಏರ್‌ಗನ್ನು ತರಿಸುವ ಬದಲು ಡಿಪೋದಲ್ಲಿ ಪಂಪಿನ ವಾಷರುಗಳ ಪಕ್ಕದಲ್ಲಿ ಏರ್‌ಗನ್ನಿನ ಚರ್ಮದ ವಾಷರು ಮತ್ತು ಸ್ಕ್ರೂ ಇಡೋಣ. ಮೇಸ್ತ್ರಿಯವರನ್ನು ಕೇಳಿದ್ದೇನೆ. ಮಳೆ ಶುರುವಾಗುವ ಮೊದಲು, ಔಷಧಿ ಪಂಪುಗಳನ್ನು ರಿಪೇರಿಗೆ ತರುವ ಎರಡು ಸಂತೆ ದಿನ ಡಿಪೋದ ಹಿಂದಿನ ಗೋದಾಮಿನಲ್ಲಿ ಕುಳಿತು ಇದನ್ನೂ ನೋಡಿಕೊಡಲು ಒಪ್ಪಿದ್ದಾರೆ. ಕೂಲಿಯನ್ನು ಅವರಿಗೇ ಕೊಡತಕ್ಕದ್ದು. ತರುವವರು ಸ್ಪ್ರಿಂಗ್ ಇಳಿಸಿ, ಗೋಣಿಯಲ್ಲಿ ಸುತ್ತಿ ತನ್ನಿ. ಪೆಲೆಟ್ಟನ್ನು ಮನೆಯಲ್ಲಿಯೇ ಬಿಟ್ಟು ಬನ್ನಿ.

— ಕಾರ್ಯದರ್ಶಿ